ಧರ್ಮೋಪದೇಶದ ಪಾಠ: ನೆರೆಯ ಕ್ಯಾಥೊಲಿಕ್ ಮಗು ಕಲಿಯುವುದೇನು, ಅದು ಕನ್ನಡಕ್ಕೆ ಬಂದುದು ಹೇಗೆ?

ಕರ್ನಾಟಕದಲ್ಲಿ ಶೆಟ್ಟಿಹಳ್ಳಿ ಎಂಬ ಹೆಸರಿನ ಊರುಗಳು ಹಲವಿವೆ. ನಮ್ಮದು ತುಮಕೂರು ನಗರದೊಳಗೆ ಸೇರಿಹೋಗಿರುವ ಶೆಟ್ಟಿಹಳ್ಳಿ. ಆದರೆ ಹೊರಗಿನವರ ಮುಂದೆ ಆ ಹೆಸರೆತ್ತಿದರೆ ಅವರಿಗೆ ನೆನಪಾಗುವುದು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ, ಅಲ್ಲಿ ನೀರಿನ ನಡುವೆ ನಿಂತಿರುವ ಪಾಳುಬಿದ್ದ ಚರ್ಚು. 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಕ್ಯಾಥೊಲಿಕ್ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಬಳಿಕ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಅದೇ ಜಲಾಶಯದ ನೀರು ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆಯನ್ನು ತುಂಬಿ ತುಮಕೂರಿನ ನಲ್ಲಿಗಳಿಗೆ ಬರುತ್ತದೆ. ನಾವು ವುಝೂ ಮಾಡುವುದು ಆ ನೀರಿನಲ್ಲಿಯೇ.

ಆ ಚರ್ಚಿನ ಗೋಡೆಗಳು ಕುಸಿಯುತ್ತಿದ್ದರೂ ಅಲ್ಲಿ ಕಲಿಸಲಾಗುತ್ತಿದ್ದ ಪಾಠ ನಿಂತಿಲ್ಲ. ಶಾಲೆಯಲ್ಲಿ ನಮ್ಮ ಮಗನ ಪಕ್ಕದಲ್ಲಿ ಕುಳಿತುಕೊಳ್ಳುವ ಕ್ಯಾಥೊಲಿಕ್ ಹುಡುಗ ಅದನ್ನೇ ಇಂದಿಗೂ ಕಲಿಯುತ್ತಾನೆ. ನಮ್ಮ ಮಕ್ಕಳು ಬೆಳಿಗ್ಗೆ ಮದ್ರಸಕ್ಕೆ ಹೋಗುವಂತೆ ಅವನು ಭಾನುವಾರ 'ಧರ್ಮೋಪದೇಶ'ದ ತರಗತಿಗೆ ಹೋಗುತ್ತಾನೆ. ಮಧ್ಯಾಹ್ನ ಒಟ್ಟಿಗೆ ಊಟದ ಡಬ್ಬಿ ಬಿಚ್ಚುವ ಹುಡುಗರ ನಡುವೆ ಪ್ರಶ್ನೆಗಳು ಏಳುವುದು ಸಹಜ. ಸಂಜೆ ನಮ್ಮ ಮಗ ಮನೆಗೆ ಬಂದು, "ಅಬ್ಬಾ, ಅವರಿಗೆ ಮೂರು ದೇವರಂತೆ, ನಿಜವೇ?" ಎಂದು ಕೇಳಿದರೆ ನಾವು ಏನು ಹೇಳುತ್ತೇವೆ? ಬಹುಮಟ್ಟಿಗೆ ಯಾವುದೋ ಭಾಷಣದಲ್ಲಿ ಕೇಳಿದ್ದನ್ನು, ಮೊಬೈಲಿನಲ್ಲಿ ನೋಡಿದ್ದನ್ನು ಹೇಳುತ್ತೇವೆ. ಅದರಲ್ಲಿ ಎಷ್ಟು ನಿಜವಿದೆಯೆಂದು ಪರೀಕ್ಷಿಸುವವರು ವಿರಳ.

ಒಂದು ಜನಾಂಗದ ಮೇಲಿನ ಹಗೆತನ ಕೂಡ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಸೂರಃ ಅಲ್ ಮಾಇದದ 8ನೆಯ ಸೂಕ್ತ ಆಜ್ಞಾಪಿಸುತ್ತದೆ. ಹಗೆತನವೇ ಇಲ್ಲದ ನೆರೆಯವರ ವಿಷಯದಲ್ಲಿ ಈ ಹೊಣೆ ಇನ್ನೆಷ್ಟು ದೊಡ್ಡದು! ಮಕ್ಕಃದ ಹಿಂಸೆಯಿಂದ ಪಾರಾಗಲು ಮೊದಲ ಮುಸ್ಲಿಮರು ಆಶ್ರಯ ಪಡೆದುದು ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿಯ ಬಳಿ. ಅವನ ಆಸ್ಥಾನದಲ್ಲಿ ಜಅಫರ್(ರ) ಸೂರಃ ಮರ್ಯಮ್ ಅನ್ನು ಓದಿದರು. ನಜ್ರಾನಿನ ಕ್ರೈಸ್ತ ನಿಯೋಗ ಮದೀನಾಕ್ಕೆ ಬಂದಾಗ ಪ್ರವಾದಿ(ಸ)ರ ಮಸೀದಿಯಲ್ಲಿಯೇ ಅವರು ತಮ್ಮ ಪ್ರಾರ್ಥನೆ ಸಲ್ಲಿಸಿದರೆಂದು ಇಬ್ನ್ ಇಸ್‌ಹಾಕರ ಚರಿತ್ರೆ ಹೇಳುತ್ತದೆ. ಅಲ್ಲಿ ಈಸಾ(ಅ)ರ ಕುರಿತು ತೀವ್ರವಾದ ಚರ್ಚೆಯೂ ನಡೆಯಿತು. ಅವರ ಮಾತನ್ನು ಅವರ ಬಾಯಿಂದಲೇ ಕೇಳಿ ಉತ್ತರಿಸಲಾಯಿತು. 11ನೆಯ ಶತಮಾನದ ಅಲ್‌ಬಿರೂನಿ ಭಾರತೀಯರ ಧರ್ಮಗಳ ಬಗ್ಗೆ ಬರೆಯುವಾಗ, ಎದುರಾಳಿಯ ಮಾತನ್ನು ಅವನು ಹೇಳಿದಂತೆಯೇ ಮುಂದಿಡುವುದನ್ನು ತನ್ನ ನಿಯಮವಾಗಿಸಿಕೊಂಡಿದ್ದ.

ಇನ್ನು ನಮ್ಮ ನಾಡಿನ ಕತೆಗೆ ಬರೋಣ. ಕ್ಯಾಥೊಲಿಕ್ ಪಾಠ ಕನ್ನಡವನ್ನು ಪ್ರವೇಶಿಸಿದುದು ಬ್ರಿಟಿಷರ ಕಾಲದಲ್ಲಿ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದಕ್ಕಿಂತ ಬಹಳ ಹಿಂದೆ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, 1648ರ ಸುಮಾರಿಗೆ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದ. ಅವನು ಕನ್ನಡ ಕಲಿತು ಧರ್ಮೋಪದೇಶದ ಒಂದು ಪುಸ್ತಕವನ್ನು, ಜೊತೆಗೆ ವ್ಯಾಕರಣ ಮತ್ತು ಪದಕೋಶಗಳನ್ನು ಸಿದ್ಧಪಡಿಸಿದ. ಗಮನಿಸಬೇಕಾದ ಸಂಗತಿಯೆಂದರೆ, ಅವನು ಮೊದಲು ಕೈಗೆತ್ತಿಕೊಂಡುದು ಬೈಬಲಿನ ಅನುವಾದವನ್ನಲ್ಲ, ಮಕ್ಕಳಿಗೂ ಹೊಸಬರಿಗೂ ಬೋಧಿಸುವ ಪಾಠವನ್ನು. ಕ್ಯಾಥೊಲಿಕರ ಕ್ರಮವೇ ಅದು. ಗ್ರಂಥವನ್ನು ಓದುಗನ ಕೈಗೆ ಕೊಟ್ಟು ಬಿಡುವ ಬದಲು, ಧರ್ಮಸಭೆಯು ಗ್ರಂಥದ ಸಾರವನ್ನು ತಾನೇ ಕಲಿಸುತ್ತದೆ.

ಆ ಪಾಠಕ್ಕೆ ನಾಲ್ಕು ಕಂಬಗಳಿವೆ. ಟ್ರೆಂಟ್ ಮಹಾಸಭೆಯ ಬಳಿಕ 1566ರಲ್ಲಿ ರೋಮಿನಿಂದ ಹೊರಟ ಉಪದೇಶ ಗ್ರಂಥದಲ್ಲಿಯೂ, 1992ರ ಗ್ರಂಥದಲ್ಲಿಯೂ ಅವೇ ಇವೆ: ವಿಶ್ವಾಸ ಪ್ರಮಾಣ, ಏಳು ಸಂಸ್ಕಾರಗಳು, ಮೂಸಾ(ಅ)ರಿಗೆ ದೊರೆತ ಹತ್ತು ಆಜ್ಞೆಗಳು, ಯೇಸು ಕಲಿಸಿದ ಪ್ರಾರ್ಥನೆ. ಹಸುಗೂಸಾಗಿದ್ದಾಗಲೇ ಮಗುವಿಗೆ ದೀಕ್ಷಾಸ್ನಾನ ಆಗಿರುತ್ತದೆ. ಏಳೆಂಟು ವರ್ಷಕ್ಕೆ ಅದು ಪಾಪನಿವೇದನೆ ಮಾಡಿ ಮೊದಲ ಬಾರಿಗೆ ಪರಮಪ್ರಸಾದ ಸ್ವೀಕರಿಸುತ್ತದೆ. ಈ ವಯಸ್ಸನ್ನು ಇಷ್ಟು ಕೆಳಗೆ ಇಳಿಸಿದ್ದು 1910ರಲ್ಲಿ ಹತ್ತನೆಯ ಪಯಸ್ ಎಂಬ ಪೋಪ್. ಏಳನೆಯ ವಯಸ್ಸಿಗೆ ಮಕ್ಕಳಿಗೆ ನಮಾಝ್ ಕಲಿಸಬೇಕೆಂಬ ಪ್ರವಾದಿ(ಸ)ರ ಆದೇಶವನ್ನು ಬಲ್ಲ ತಾಯಂದಿರಿಗೆ ಈ ಕಾಳಜಿ ಅರ್ಥವಾಗದಿರದು. ಆದರೆ ಪರಮಪ್ರಸಾದದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿಯೂ ಯೇಸುವಿನ ದೇಹ ಮತ್ತು ರಕ್ತವಾಗುತ್ತವೆಂಬುದು ಅವರ ವಿಶ್ವಾಸ, ಬರೀ ಸ್ಮರಣೆ ಅಥವಾ ಸಂಕೇತವಲ್ಲ. ಬಹುಪಾಲು ಪ್ರೊಟೆಸ್ಟೆಂಟರು ಅವರಿಂದ ಬೇರೆಯಾಗುವ ಸ್ಥಳಗಳಲ್ಲಿ ಇದೂ ಒಂದು.

ಈಗ ಹುಡುಗನ ಪ್ರಶ್ನೆ. ಮೂರು ದೇವರೆಂದು ಕ್ಯಾಥೊಲಿಕ್ ಮಗುವಿಗೆ ಎಂದೂ ಕಲಿಸಲಾಗುವುದಿಲ್ಲ. ದೇವರು ಒಬ್ಬನೇ, ಆ ಒಬ್ಬ ದೇವರಲ್ಲಿ ಪಿತ, ಸುತ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳಿದ್ದಾರೆ ಎಂದು ಕಲಿಸಲಾಗುತ್ತದೆ. ಇದಕ್ಕೆ ತ್ರಿತ್ವ ಎನ್ನುತ್ತಾರೆ. 'ಸುತ' ಎಂಬುದನ್ನು ಅವರು ದೇಹ ಸಂಬಂಧದ ಅರ್ಥದಲ್ಲಿ ಹೇಳುವುದಿಲ್ಲ, ಕಾಲಕ್ಕೆ ಮೊದಲಿನ ಸಂಬಂಧವೆಂದು ಹೇಳುತ್ತಾರೆ. ಮರ್ಯಮ್(ಅ) ತ್ರಿತ್ವದಲ್ಲಿ ಸೇರಿಲ್ಲ. ಈಸಾ(ಅ) ಮತ್ತು ಅವರ ತಾಯಿಯನ್ನು ಆರಾಧ್ಯರನ್ನಾಗಿ ಮಾಡಿಕೊಂಡುದರ ಬಗೆಗಿನ ಅಲ್ ಮಾಇದದ 116ನೆಯ ಸೂಕ್ತವನ್ನು ಮುಂದಿಟ್ಟು, "ತಂದೆ, ತಾಯಿ, ಮಗ, ಇದೇ ಅವರ ತ್ರಿತ್ವ" ಎಂದು ನಮ್ಮಲ್ಲಿ ಹೇಳುವವರಿದ್ದಾರೆ. ಆ ಸೂಕ್ತ ತ್ರಿತ್ವದ ವಿವರಣೆ ಕೊಡುತ್ತಿಲ್ಲ. ಅಲ್ಲಾಹನ ಹೊರತು ಇತರರಲ್ಲಿ ಮೊರೆಯಿಡುವುದನ್ನು ಅದು ಪ್ರಶ್ನಿಸುತ್ತದೆ. ಮರಿಯಳಿಗೆ ತಾವು ಸಲ್ಲಿಸುವುದು ಗೌರವ, ಆರಾಧನೆಯಲ್ಲ ಎಂಬುದು ಕ್ಯಾಥೊಲಿಕರ ಉತ್ತರ. ಜಪಮಾಲೆ ಹಿಡಿದು ಅವರನ್ನು ಕೂಗಿ ಬೇಡುವುದು ಆರಾಧನೆಯ ಗಡಿಯನ್ನು ದಾಟುತ್ತದೆ ಎಂಬುದು ನಮ್ಮ ನಿಲುವು. ಚರ್ಚೆ ನಡೆಯಬೇಕಾದುದು ಈ ಗೆರೆಯ ಮೇಲೆ. ಅವರು ಹೇಳದ ಮಾತನ್ನು ಅವರ ಬಾಯಿಗೆ ತುರುಕುವುದರಿಂದ ತೌಹೀದಿಗೆ ಬಲ ಬರುವುದಿಲ್ಲ. ಸೂರಃ ಅಲ್ ಇಖ್ಲಾಸ್ ಅನ್ನು ಬಾಯಿಪಾಠ ಮಾಡಿದ ಮಗುವಿಗೆ, ಅಲ್ಲಾಹನ ಏಕತ್ವದಲ್ಲಿ ಮೂವರು ವ್ಯಕ್ತಿಗಳ ಮಾತಿಗೂ ಎಡೆಯಿಲ್ಲವೆಂದು ನೇರವಾಗಿಯೇ ಹೇಳಬಹುದು.

ಮತ್ತೆ ಚರಿತ್ರೆಗೆ. ಶ್ರೀರಂಗಪಟ್ಟಣದ ಹೆಸರು ಬಂದ ಮೇಲೆ 1784ನ್ನು ಹಾರಿಹೋಗುವುದು ಪ್ರಾಮಾಣಿಕತೆಯಲ್ಲ. ಎರಡನೆಯ ಆಂಗ್ಲೋ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನರು ಕರಾವಳಿಯ ಸಾವಿರಾರು ಕ್ಯಾಥೊಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಪಾದ್ರಿಗಳನ್ನು ಹೊರಹಾಕಲಾಯಿತು, ಚರ್ಚುಗಳನ್ನು ಕೆಡವಲಾಯಿತು. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅದು ರಾಜಕೀಯ ಶಿಕ್ಷೆಯೋ ಧಾರ್ಮಿಕ ದ್ವೇಷವೋ ಎಂಬ ವಾದವೂ ಮುಗಿದಿಲ್ಲ. ನನ್ನ ಮಟ್ಟಿಗೆ ಯುದ್ಧಕಾಲದ ಶಂಕೆಯೇ ಮುಖ್ಯ ಕಾರಣವೆಂದು ತೋರುತ್ತದೆ. ಆದರೂ ಸೆರೆಯಾಳುಗಳಲ್ಲಿ ಅನೇಕರನ್ನು ಒತ್ತಾಯದಿಂದ ಇಸ್ಲಾಮಿಗೆ ಸೇರಿಸಿದುದನ್ನು ಆ ಕಾರಣ ಸಮರ್ಥಿಸಲಾರದು. ಧರ್ಮದ ವಿಷಯದಲ್ಲಿ ಬಲವಂತ ಸಲ್ಲದೆಂದು ಅಲ್ ಬಕರದ 256ನೆಯ ಸೂಕ್ತ ವಿಧಿಸಿರುವಾಗ, ಸುಲ್ತಾನರ ಶೌರ್ಯ ಮತ್ತು ಹುತಾತ್ಮತೆಯ ಮೇಲಿನ ನಮ್ಮ ಅಭಿಮಾನ ಆ ಸೂಕ್ತಕ್ಕಿಂತ ದೊಡ್ಡದಾಗಬಾರದು. ಹದಿನೈದು ವರ್ಷ ಪಾದ್ರಿಗಳೂ ಚರ್ಚುಗಳೂ ಇಲ್ಲದೆ ಬದುಕಿದವರಲ್ಲಿ ಬಹಳ ಮಂದಿ 1799ರ ನಂತರ ಹಳೆಯ ವಿಶ್ವಾಸಕ್ಕೆ ಮರಳಿದರು. ಕರಾವಳಿಯ ಕ್ಯಾಥೊಲಿಕ್ ಕುಟುಂಬಗಳಲ್ಲಿ ಆ ಸೆರೆವಾಸದ ನೆನಪು ಇನ್ನೂ ಜೀವಂತವಾಗಿದೆ. ಅಂತಹ ಮನೆಯ ಮಗು ನಮ್ಮ ಮಗುವಿನ ಸಹಪಾಠಿಯಾಗಿರಬಹುದು.

ಸೆರೆಯಿಂದ ಬಿಡುಗಡೆಯಾದವರನ್ನು ಮತ್ತೆ ಒಗ್ಗೂಡಿಸಲು ಮೈಸೂರಿಗೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ. ಜನ ಅವರನ್ನು 'ದೊಡ್ಡ ಸ್ವಾಮಿ' ಎಂದು ಕರೆಯುತ್ತಿದ್ದರು. 1823ರಲ್ಲಿ ಸ್ವದೇಶಕ್ಕೆ ಹಿಂದಿರುಗುವವರೆಗೆ ಅವರು ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು ಬಾಳಿದರು. ಸಿಡುಬಿನ ಲಸಿಕೆಯನ್ನು ಹಳ್ಳಿಗಳಿಗೆ ತಲುಪಿಸಲು ದುಡಿದರು. ಹಾಸನದ ಬಳಿ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯೊಂದನ್ನು ಕಟ್ಟಿದರು. ಹಾಸನದ ಶೆಟ್ಟಿಹಳ್ಳಿಯ ಚರ್ಚು ಎದ್ದುದು ಅದೇ ಸೀಮೆಯಲ್ಲಿ, ಮುಂದಿನ ತಲೆಮಾರಿನ ಫ್ರೆಂಚ್ ಪಾದ್ರಿಗಳಿಂದ. ಇಂತಹ ದ್ಯುಬ್ವಾ ಅವರೇ ಬೈಬಲನ್ನು ದೇಶಭಾಷೆಗಳಿಗೆ ಅನುವಾದಿಸಿ ಹಂಚುವುದನ್ನು ಕಟುವಾಗಿ ವಿರೋಧಿಸಿದರು. ಸಿದ್ಧತೆಯಿಲ್ಲದ ಓದುಗನಿಗೆ, ಕೆಟ್ಟ ಅನುವಾದದಲ್ಲಿ, ಗ್ರಂಥ ದಕ್ಕುವುದಿಲ್ಲ ಎಂಬುದು ಅವರ ವಾದ. ನಾವು ಇದನ್ನು ಓದಿ ನಗಬೇಕಾಗಿಲ್ಲ. 18ನೆಯ ಶತಮಾನದಲ್ಲಿ ಶಾಹ್ ವಲಿಯುಲ್ಲಾಹ್ ದೆಹಲಿಯಲ್ಲಿ ಕುರ್‌ಆನನ್ನು ಪಾರಸಿಗೆ ತಂದಾಗ ನಮ್ಮಲ್ಲಿಯೂ ವಿರೋಧ ಎದ್ದಿತ್ತು.

ಅನುವಾದದ ಕೆಲಸ ನಡೆದುದು ಪ್ರೊಟೆಸ್ಟೆಂಟರಿಂದ. ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ನಮ್ಮ ಜಿಲ್ಲೆಗೂ ಆ ಅಲೆ ತಲುಪಿತು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ ಯುವಕ ಗುಬ್ಬಿಯ ಮಿಷನ್ನಿಗೆ ಬಂದು ಎರಡು ವರ್ಷ ದುಡಿದು, ಕಣ್ಣಿನ ತೊಂದರೆಯಿಂದ ಮರಳಿದ. ಆ ಅನುಭವವನ್ನು ಅವನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಹೀಗೆ ಕನ್ನಡದಲ್ಲಿ ಕ್ರೈಸ್ತರ ಎರಡು ನುಡಿಗಟ್ಟುಗಳು ಬೆಳೆದವು. ಪ್ರೊಟೆಸ್ಟೆಂಟರ ಸುವಾರ್ತೆ ಕ್ಯಾಥೊಲಿಕರಿಗೆ ಶುಭಸಂದೇಶ, ಅವರ ಯೋಹಾನ ಇವರಿಗೆ ಯೊವಾನ್ನ. ಗ್ರಂಥದ ಗಾತ್ರವೂ ಬೇರೆ: ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕಗಳು, ಕ್ಯಾಥೊಲಿಕ್ ಬೈಬಲಿನಲ್ಲಿ 73. ಹೊಸ ಒಡಂಬಡಿಕೆಯ 27 ಇಬ್ಬರಿಗೂ ಒಂದೇ. ತೋಬಿತ, ಯೂದಿತ, ಮಕ್ಕಬಿಯರು ಮುಂತಾದ ಏಳು ಪುಸ್ತಕಗಳು ಹಳೆಯ ಒಡಂಬಡಿಕೆಯಲ್ಲಿ ಹೆಚ್ಚಿಗೆ ಇವೆ.

ಇಲ್ಲಿ ನಮ್ಮ ವೇದಿಕೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ತಪ್ಪನ್ನು ತಿದ್ದಬೇಕು. 325ರ ನಿಕೇಯ ಮಹಾಸಭೆಯಲ್ಲಿ ನೂರಾರು ಶುಭಸಂದೇಶಗಳಿಂದ ನಾಲ್ಕನ್ನು ಆರಿಸಿ ಉಳಿದವನ್ನು ಸುಟ್ಟರು ಎನ್ನಲಾಗುತ್ತದೆ. ಆ ಸಭೆಯ ಮುಂದಿದ್ದ ಮುಖ್ಯ ಪ್ರಶ್ನೆ ಪುಸ್ತಕಗಳ ಪಟ್ಟಿಯಲ್ಲ. ಸುತನು ಸೃಷ್ಟಿಯೋ ಅಲ್ಲವೋ ಎಂದು ಅರಿಯಸನ ಜೊತೆಗಿನ ವಿವಾದ. ಇಂದಿನ 27 ಪುಸ್ತಕಗಳ ಪಟ್ಟಿ ಯಥಾವತ್ತಾಗಿ ಕಾಣಿಸುವುದು 367ರಲ್ಲಿ ಅಥನಾಸಿಯಸ್ ಬರೆದ ಪತ್ರದಲ್ಲಿ. 'ಬರ್ನಬನ ಇಂಜೀಲ್' ಕೂಡ ಹೀಗೆಯೇ. ಅದರ ಲಭ್ಯ ಪ್ರತಿಗಳು ಇಟಾಲಿಯನ್ ಮತ್ತು ಸ್ಪ್ಯಾನಿಷ್ ಭಾಷೆಯವು, ಬಹಳ ತಡವಾದ ಕಾಲದವು. ಕುರ್‌ಆನ್ ಈಸಾ(ಅ)ರನ್ನೇ ಮಸೀಹ್ ಎಂದು ಕರೆದಿದ್ದರೆ ಆ ಪುಸ್ತಕ ಅದನ್ನು ನಿರಾಕರಿಸುತ್ತದೆ. ಅದನ್ನು ಪುರಾವೆಯಾಗಿ ಎತ್ತಿ ಹಿಡಿಯುವವರು ಇದನ್ನು ಯೋಚಿಸಿದಂತಿಲ್ಲ.

ಇಂಜೀಲನ್ನು ಅಲ್ಲಾಹನು ಈಸಾ(ಅ)ರಿಗೆ ಅವತೀರ್ಣಗೊಳಿಸಿದನೆಂದು ನಾವು ನಂಬುತ್ತೇವೆ. ಕ್ಯಾಥೊಲಿಕ್ ಮಗುವಿಗೆ ಹೇಳಿಕೊಡುವುದು ಬೇರೆ: ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಎಂಬ ನಾಲ್ವರು ಪವಿತ್ರಾತ್ಮನ ಪ್ರೇರಣೆಯಿಂದ ಯೇಸುವಿನ ಕುರಿತು ಬರೆದರು. ಅಂದರೆ ಅವರ ದೃಷ್ಟಿಯಲ್ಲಿ ದೇವರ ವಾಕ್ಯ ಮೊದಲಿಗೆ ಒಂದು ಗ್ರಂಥವಲ್ಲ, ಯೇಸುವೇ ಆ ವಾಕ್ಯ. ನಮಗೆ ಕುರ್‌ಆನಿಗೆ ಇರುವ ಸ್ಥಾನ ಅವರಲ್ಲಿ ಬೈಬಲಿಗಿಂತ ಯೇಸುವಿಗೆ ಇದೆ. ಇದು ತಿಳಿಯದಿದ್ದರೆ "ನಿಮ್ಮ ಗ್ರಂಥವನ್ನು ಮನುಷ್ಯರು ಬರೆದರು" ಎಂದು ನಾವು ಹೇಳಿದಾಗ ಅವರು ಏಕೆ ವಿಚಲಿತರಾಗುವುದಿಲ್ಲ ಎಂಬುದು ಅರ್ಥವಾಗದು. ಅನ್ನಿಸಾದ 171ನೆಯ ಸೂಕ್ತ ಈಸಾ(ಅ)ರನ್ನು ಅಲ್ಲಾಹನ ವಚನವೆಂದು ಕರೆಯುತ್ತದೆ, ಅದೇ ಉಸಿರಿನಲ್ಲಿ ಅವರನ್ನು ಸಂದೇಶವಾಹಕರೆಂದೂ ಹೇಳಿ ಮೂರೆನ್ನುವುದನ್ನು ನಿಷೇಧಿಸುತ್ತದೆ. ಶಿಲುಬೆಯ ವಿಷಯದಲ್ಲಿಯೂ ಅಂತರ ಸ್ಪಷ್ಟ. ಆದಿಪಾಪದಿಂದ ಬಿಡುಗಡೆಗಾಗಿ ಯೇಸು ಪ್ರಾಣ ತೆತ್ತರೆಂಬುದು ಅವರ ವಿಶ್ವಾಸದ ತಿರುಳು. ನಮಗೆ ಪ್ರತಿ ಶಿಶುವೂ ಫಿತ್ರತ್‌ನ ಮೇಲೆ ಹುಟ್ಟುತ್ತದೆ, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ.

20ನೆಯ ಶತಮಾನದ ನಡುಭಾಗದವರೆಗೂ ಇಲ್ಲಿನ ಕ್ಯಾಥೊಲಿಕರ ಬಲಿಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಪಾಠ ಕನ್ನಡದಲ್ಲಿ, ಪೂಜೆ ಲ್ಯಾಟಿನ್ನಿನಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆಯೇ ಕನ್ನಡ ಪೂಜಾಪೀಠವನ್ನು ಏರಿತು. ಅದೇ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ ಮುಸ್ಲಿಮರನ್ನು ಗೌರವದಿಂದ ಹೆಸರಿಸಿತು. ಇವರು ಒಬ್ಬನೇ ದೇವರನ್ನು ಆರಾಧಿಸುವವರು, ಯೇಸುವನ್ನು ದೇವರೆಂದು ಒಪ್ಪದಿದ್ದರೂ ಪ್ರವಾದಿಯೆಂದು ಮನ್ನಿಸುವವರು, ಕನ್ಯೆ ಮರಿಯಳನ್ನು ಗೌರವಿಸುವವರು ಎಂದು ಅದು ಬರೆಯಿತು. ನಮ್ಮ ವಿಶ್ವಾಸವನ್ನು ನಾವು ಹೇಳುವಂತೆಯೇ ಅವರು ಅಲ್ಲಿ ದಾಖಲಿಸಿದ್ದಾರೆ. ಇಂದು ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ.

2026ರಲ್ಲಿ ರಮಝಾನ್ ಮತ್ತು ಕ್ಯಾಥೊಲಿಕರ ತಪಸ್ಸುಕಾಲ ಫೆಬ್ರವರಿಯ ಒಂದೇ ವಾರದಲ್ಲಿ ಆರಂಭವಾಗುತ್ತವೆ. ಅವರ ನಿಯಮ ನಮ್ಮದರಂತಲ್ಲ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ದೊಡ್ಡವರು ಒಂದೇ ಹೊತ್ತು ಪೂರ್ಣ ಊಟ ಮಾಡುತ್ತಾರೆ, ಆ ದಿನಗಳಲ್ಲಿಯೂ ತಪಸ್ಸುಕಾಲದ ಶುಕ್ರವಾರಗಳಲ್ಲಿಯೂ ಮಾಂಸ ಬಿಡುತ್ತಾರೆ. ಹದಿನಾಲ್ಕು ತುಂಬದ ಮಗುವಿಗೆ ಯಾವುದೂ ಕಡ್ಡಾಯವಲ್ಲ. ಆದರೂ ಮನೆಯವರನ್ನು ನೋಡಿ ಮೊಟ್ಟೆ, ಮಾಂಸ ಬೇಡವೆನ್ನುವ ಮಕ್ಕಳಿರುತ್ತಾರೆ, ನಮ್ಮ ಮನೆಗಳಲ್ಲಿ ಮೊದಲ ರೋಝಾಕ್ಕೆ ಹಟ ಹಿಡಿಯುವ ಪುಟ್ಟವರಿರುವಂತೆ. ಮಧ್ಯಾಹ್ನ ಊಟದ ಗಂಟೆ ಬಾರಿಸಿದಾಗ ಅಂತಹ ಇಬ್ಬರು ಒಂದೇ ಬೆಂಚಿನಲ್ಲಿ ಕುಳಿತಿದ್ದರೆ, ಒಬ್ಬನ ಡಬ್ಬಿಯಲ್ಲಿ ಬರೀ ಅನ್ನ ಸಾರು, ಇನ್ನೊಬ್ಬನ ಬಳಿ ಡಬ್ಬಿಯೇ ಇಲ್ಲ.