ಚಲಿಸುವ ಪಟದಲ್ಲಿ ದೇಹಸಾಧನೆ

ನಮ್ಮ ದೇಶದವರೊಬ್ಬರು ಮೊತ್ತಮೊದಲಿಗೆ ಚಲಚ್ಚಿತ್ರದ ಯಂತ್ರವನ್ನು ಹಿಡಿದು ತೆಗೆದ ಚಿತ್ರವು ಒಂದು ಕುಸ್ತಿಯದೆಂಬ ಸಂಗತಿ ಗರಡಿಯನ್ನು ಬಲ್ಲವರಿಗೂ ಸಿನಿಮಾವನ್ನು ಬಲ್ಲವರಿಗೂ ಸಮಾನವಾಗಿ ಅಭಿಮಾನವನ್ನುಂಟುಮಾಡತಕ್ಕುದಾಗಿದೆ. ಮುಂಬಯಿಯ ಛಾಯಾಗ್ರಾಹಕರಾಗಿದ್ದು, ಸಾವೇದಾದಾ ಎಂಬ ಹೆಸರಿನಿಂದ ಪ್ರಸಿದ್ಧರಾಗಿದ್ದ ಹರಿಶ್ಚಂದ್ರ ಸಖಾರಾಮ ಭಾಟವಡೇಕರರು, 1896ರಲ್ಲಿ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಿತ್ರಗಳ ಪ್ರದರ್ಶನವಾದ ಬಳಿಕ ಆ ನೂತನ ವಿದ್ಯೆಗೆ ಮನಸೋತು, ಲಂಡನ್ನಿನಿಂದ ಯಂತ್ರವನ್ನು ತರಿಸಿಕೊಂಡು, 1899ರಲ್ಲಿ ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಪುಂಡಲೀಕದಾದಾ ಮತ್ತು ಕೃಷ್ಣಾ ನಾವೀ ಎಂಬ ಇಬ್ಬರು ಪೈಲ್ವಾನರು ಸೆಣಸಿದುದನ್ನು ಚಿತ್ರಿಸಿದರು. ಅದನ್ನು ಸಂಸ್ಕರಿಸುವ ಅನುಕೂಲ ಇಲ್ಲಿ ಇಲ್ಲದುದರಿಂದ ಸುರುಳಿಯು ಮತ್ತೆ ಲಂಡನ್ನಿಗೆ ಹೋಗಿಬರಬೇಕಾಯಿತು. ಇಷ್ಟು ಶ್ರಮವನ್ನು ವಹಿಸಿದವರು ಮೊದಲ ವಸ್ತುವನ್ನಾಗಿ ಮಲ್ಲಯುದ್ಧವನ್ನೇ ಆರಿಸಿಕೊಂಡುದರಲ್ಲಿ ಒಂದು ಔಚಿತ್ಯವುಂಟೆಂದು ನನಗೆ ತೋರುತ್ತದೆ. ಏಕೆಂದರೆ ಕುಸ್ತಿಯ ಪಟ್ಟು ಎಂಬುದು ಕ್ಷಣಮಾತ್ರದಲ್ಲಿ ಹುಟ್ಟಿ ಕ್ಷಣಮಾತ್ರದಲ್ಲಿ ಅಡಗುವಂಥದು, ಬರಹಕ್ಕಾಗಲಿ ಸ್ಥಿರಚಿತ್ರಕ್ಕಾಗಲಿ ಅದು ಸುಲಭವಾಗಿ ಒಲಿಯುವುದಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿಯೂ ಈ ಯಂತ್ರಕ್ಕೂ ವ್ಯಾಯಾಮಕ್ಕೂ ಇದ್ದ ನಂಟು ಹುಟ್ಟಿನಿಂದಲೇ ಬಂದುದು. ಓಡುವ, ನೆಗೆಯುವ ದೇಹದ ಹಂತಗಳನ್ನು ಒಂದೇ ಫಲಕದ ಮೇಲೆ ಮೂಡಿಸುವ ಕ್ರಮವನ್ನು 1882ರಲ್ಲಿ ರೂಢಿಗೆ ತಂದ ಫ್ರಾನ್ಸಿನ ಮಾರೇ ಶರೀರಶಾಸ್ತ್ರಜ್ಞ. ಅವನ ಸಹಾಯಕನಾಗಿದ್ದ ದೆಮೆನಿ ವ್ಯಾಯಾಮಶಿಕ್ಷಣವನ್ನೇ ಬಾಳಿನ ಕೆಲಸವಾಗಿ ಮಾಡಿಕೊಂಡವನು. ಅಮೆರಿಕದಲ್ಲಿ ಎಡಿಸನ್ನನ ಚಿತ್ರಶಾಲೆಯು 1894ರ ಮಾರ್ಚಿಯಲ್ಲಿ ತನ್ನ ಯಂತ್ರದ ಮುಂದೆ ನಿಲ್ಲಿಸಿಕೊಂಡವರಲ್ಲಿ ದೇಹದಾರ್ಢ್ಯಕ್ಕೆ ಲೋಕಪ್ರಸಿದ್ಧನಾಗಿದ್ದ ಯೂಜಿನ್ ಸ್ಯಾಂಡೋ ಒಬ್ಬನು. ಅದೇ ಸ್ಯಾಂಡೋ ಹತ್ತು ವರ್ಷಗಳ ತರುವಾಯ ಹಿಂದೂಸ್ಥಾನಕ್ಕೆ ಬಂದು ಪ್ರದರ್ಶನಗಳನ್ನು ನೀಡಿದಾಗ ನಮ್ಮ ತರುಣರಲ್ಲಿ ಉಂಟಾದ ಉತ್ಸಾಹವು ಬಹುಕಾಲ ನಿಂತಿತು.

ಆದರೆ ದೇಹವಿದ್ಯೆಯನ್ನು ಎಲ್ಲಿಯಾದರೂ ನಿಲ್ಲಿಸಿ ಮುಂದಿನವರಿಗೆ ದಾಟಿಸಬೇಕೆಂಬ ಹಂಬಲ ಕನ್ನಡನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದವೆಂಬ ಭಾಗದಲ್ಲಿ ಮಲ್ಲರ ವರ್ಗಗಳನ್ನೂ, ಅವರಿಗೆ ಸಲ್ಲತಕ್ಕ ಆಹಾರವನ್ನೂ, ಭಾರವನ್ನೆತ್ತುವ ಭಾರಶ್ರಮ, ನೀರಿನಲ್ಲಿ ಈಸುವ ಸಲಿಲಶ್ರಮ, ಕಂಬವನ್ನೇರಿ ಮಾಡುವ ಸ್ತಂಭಶ್ರಮ ಮೊದಲಾದ ಸಾಧನೆಗಳನ್ನೂ ಹೇಳಿದ್ದಾನೆ. ಅನಂತರ ಏಳು ಶತಮಾನಗಳು ಕಳೆದ ಮೇಲೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ, ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಸೇರಿದಂತೆ, 122 ಆಸನಗಳು ಬಣ್ಣದ ಚಿತ್ರಗಳಾಗಿ ಮೂಡಿದವು. ಮುಂದೆ ಅಚ್ಚುಕೂಟವೂ ಅಂಚೆಯೂ ಬಂದುವು. ಬೆಂಗಳೂರಿನ ಕೆ. ವಿ. ಅಯ್ಯರ್‌ರವರು, ಶಾಂತಲಾ ಕಾದಂಬರಿಯಿಂದ ಕನ್ನಡಿಗರೆಲ್ಲರಿಗೂ ಪರಿಚಿತರಾದವರು, ತಮ್ಮ ವ್ಯಾಯಾಮಶಾಲೆಗೆ ಬರಲಾರದ ದೂರದ ಶಿಷ್ಯರಿಗೆ ಅಂಚೆಯ ಮೂಲಕವೇ ಪಾಠಗಳನ್ನು ಕಳುಹುತ್ತಿದ್ದರು. ಅವರ ಪುಸ್ತಕಗಳಲ್ಲಿಯ ಛಾಯಾಚಿತ್ರಗಳನ್ನು ನೋಡಿದವರು ಮಾನವದೇಹವನ್ನು ಶಿಲ್ಪದಂತೆ ಕಡೆಯಬಹುದೆಂಬುದನ್ನು ನಂಬಲೇಬೇಕಾಯಿತು.

ಶಬ್ದದಿಂದ ಚಿತ್ರಕ್ಕೆ, ಚಿತ್ರದಿಂದ ಛಾಯಾಚಿತ್ರಕ್ಕೆ ಬಂದ ಈ ಪ್ರಯತ್ನಗಳೆಲ್ಲದರಲ್ಲಿಯೂ ಒಂದು ಕೊರತೆ ಉಳಿದೇ ಇತ್ತು. ನಿಂತ ಭಂಗಿ ದೊರೆಯಿತು. ಒಂದು ಭಂಗಿಯಿಂದ ಮತ್ತೊಂದಕ್ಕೆ ಸಾಗುವ ನಡೆ ದೊರೆಯಲಿಲ್ಲ. ಆ ನಡೆಯನ್ನು ಉಳಿಸಿಕೊಟ್ಟುದು 1938ರಲ್ಲಿ ಮೈಸೂರಿನಲ್ಲಿ ತಯಾರಾದ ಒಂದು ಮೂಕಚಿತ್ರ. ಅದರ ವಿಷಯವಾಗಿ ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ಚಿತ್ರದುರ್ಗದ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿ, ಶಾಸ್ತ್ರಗಳಲ್ಲಿ ಪಾಂಡಿತ್ಯವನ್ನು ಗಳಿಸಿ, ಯೋಗಸಾಧನೆಗೆ ಬಾಳನ್ನು ಮುಡಿಪಾಗಿಟ್ಟ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಲು ಸ್ಥಳವನ್ನೂ ಆಶ್ರಯವನ್ನೂ ಇತ್ತರು. ಆಚಾರ್ಯರು 1934ರಲ್ಲಿ ಯೋಗಮಕರಂದವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದರು. ಇಂದು ಭೂಮಂಡಲದ ನಾನಾ ದೇಶಗಳಲ್ಲಿ ಹಬ್ಬಿರುವ ಒಂದು ಸಾಧನಾಕ್ರಮದ ಮೂಲಗ್ರಂಥಗಳಲ್ಲಿ ಒಂದು ನಮ್ಮ ನುಡಿಯದೆಂಬುದನ್ನು ಕನ್ನಡಿಗರು ಮರೆಯಬಾರದು. ಆ ಗ್ರಂಥದಲ್ಲಿ ವಿನ್ಯಾಸಗಳ ಮಾತು ಬರುತ್ತದೆ, ಅಂದರೆ ಆಸನಕ್ಕೆ ಹೋಗುವ ಮತ್ತು ಆಸನದಿಂದ ಹಿಂದಿರುಗುವ ಚಲನೆಗಳನ್ನು ಎಣಿಕೆಗೂ ಉಸಿರಿಗೂ ಕಟ್ಟಿ ಹೇಳುವ ಕ್ರಮ; ಛಾಯಾಚಿತ್ರಗಳೂ ಇವೆ. ಆದರೆ ಗುರುವಿಲ್ಲದೆ ಓದುವವನ ಕಣ್ಣು ಸಹಜವಾಗಿ ಚಿತ್ರದ ಮೇಲೆಯೇ ನಿಲ್ಲುವುದರಿಂದ, ಆಸನವೆಂದರೆ ಅಲುಗಾಡದೆ ಇರುವ ಒಂದು ಸ್ಥಿತಿಯೆಂಬ ಭಾವನೆಯೇ ಅವನಲ್ಲಿ ಬಲಿಯುತ್ತದೆ.

ಚಲಚ್ಚಿತ್ರವು ಆ ಭಾವನೆಯನ್ನು ಬೇರುಸಹಿತ ಅಲುಗಿಸುತ್ತದೆ. ಅದರಲ್ಲಿ ಐವತ್ತರ ಅಂಚಿನಲ್ಲಿದ್ದ ಆಚಾರ್ಯರೂ, ಅವರ ಪತ್ನಿ ನಾಮಗಿರಿಯಮ್ಮನವರೂ, ಎಳೆಯ ಮಕ್ಕಳೂ ಕಾಣಿಸಿಕೊಳ್ಳುತ್ತಾರೆ. ಅವರೊಡನೆ ನಾಮಗಿರಿಯಮ್ಮನವರ ತಮ್ಮ, ಕೋಲಾರದ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ ಆ ವೇಳೆಗೆ ಪುಣೆಯಲ್ಲಿ ಪಾಠ ಹೇಳುತ್ತಿದ್ದ ಇಪ್ಪತ್ತರ ಒಳಗಿನ ತರುಣ, ಬಿ. ಕೆ. ಎಸ್. ಅಯ್ಯಂಗಾರರೂ ಇದ್ದಾರೆ. ಆ ತರುಣನು ಅಂಗೈಗಳ ಮೇಲೆ ದೇಹದ ಭಾರವನ್ನೆಲ್ಲ ಹೊತ್ತು ಕಾಲುಗಳನ್ನು ತೋಳುಗಳ ನಡುವೆ ತೂರಿಸಿ ಕುಳಿತು, ಬಾಗಿ, ಎದ್ದು, ಹಿಂದಕ್ಕೆ ನೆಗೆದು, ಒಂದು ಆಸನವು ಕರಗಿ ಮತ್ತೊಂದಾಗುವಂತೆ ಸಾಗುವಾಗ, ಯಾವುದು ಆಸನ ಯಾವುದು ದಾರಿ ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಗೃಹಸ್ಥೆಯೊಬ್ಬರು ಸೀರೆಯುಟ್ಟು ಮನೆಗೆಲಸ ಮಾಡುತ್ತಿದ್ದ ಕಾಲದಲ್ಲಿ ಕ್ಯಾಮೆರಾದ ಮುಂದೆ ನಿಸ್ಸಂಕೋಚವಾಗಿ ಆಸನಗಳನ್ನು ಮಾಡಿ ತೋರಿಸಿದುದೂ ಸಾಮಾನ್ಯ ಸಂಗತಿಯಲ್ಲ. ಯೋಗವು ಸ್ತ್ರೀಯರಿಗೂ ಬಾಲಕರಿಗೂ ಸಲ್ಲುವುದೆಂಬ ಮಾತನ್ನು ಆ ಕುಟುಂಬವು ತನ್ನ ಮೈಯಿಂದಲೇ ಹೇಳಿದಂತಾಯಿತು.

ಇದೇ ಅಯ್ಯಂಗಾರರು 1966ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ, ಸುಮಾರು 600 ಛಾಯಾಚಿತ್ರಗಳುಳ್ಳ ‘ಲೈಟ್ ಆನ್ ಯೋಗ’ದಿಂದ ಜಗತ್ತಿನ ಗುರುಗಳೆನಿಸಿದರು. ಅಲ್ಲಿ ಅವರು ಸ್ಥಿರರು, ರೇಖೆಯಷ್ಟು ನಿಷ್ಕೃಷ್ಟರು. ಭಂಗಿಯಲ್ಲಿ ಬಹುಹೊತ್ತು ನಿಂತು ಅಂಗಾಂಗವನ್ನು ಶೋಧಿಸುವುದೇ ಅವರ ಮಾರ್ಗವೆಂದು ಲೋಕ ತಿಳಿಯಿತು. ಅವರ ಸಹಪಾಠಿಯಾಗಿದ್ದ ಪಟ್ಟಾಭಿ ಜೋಯಿಸರಾದರೋ ಮೈಸೂರಿನಲ್ಲಿಯೇ ನೆಲಸಿ, ಎಡೆಬಿಡದ ವಿನ್ಯಾಸಕ್ರಮವನ್ನೇ ಕಲಿಸಿದರು. ಈ ಇಬ್ಬರ ಶಿಷ್ಯರೂ ತಮ್ಮ ತಮ್ಮ ಮಾರ್ಗಗಳನ್ನು ಪರಸ್ಪರ ಭಿನ್ನವೆಂದು ಎಣಿಸುವುದುಂಟು. ಅವೆರಡೂ ಒಂದೇ ಕೊಠಡಿಯಿಂದ ಹೊರಟುವೆಂಬುದಕ್ಕೆ ಆ ಮೂಕಚಿತ್ರದಷ್ಟು ಬಲವಾದ ಸಾಕ್ಷ್ಯ ಬೇರೊಂದಿಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ. ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. 1950ರಲ್ಲಿ ಯೋಗಶಾಲೆ ಮುಚ್ಚಿತು. ಆಚಾರ್ಯರು ಮದರಾಸನ್ನು ಸೇರಿದರು. ಚಿತ್ರವೊಂದು ಇಲ್ಲದೆ ಹೋಗಿದ್ದರೆ ಆ ಶಾಲೆಯ ನಡೆಯನ್ನು ನಾವು ಶಿಷ್ಯರ ನೆನಪುಗಳಿಂದ ಊಹಿಸಬೇಕಾಗಿತ್ತು.

ಆದರೂ ಅದು ಮೂಕಚಿತ್ರ. ಗುರುವಿನ ಎಣಿಕೆ ಅದರಲ್ಲಿ ಕೇಳಿಸದು. ಪೂರಕ ರೇಚಕಗಳ ಕಾಲಪ್ರಮಾಣವನ್ನು ಕಣ್ಣಿನಿಂದ ಅಳೆಯಲಾಗದು. ವಿನ್ಯಾಸದ ಪ್ರಾಣವು ಉಸಿರಿನಲ್ಲಿರುವುದರಿಂದ ಈ ನಷ್ಟ ಅಲ್ಪವಾದುದಲ್ಲ. ಶಿಷ್ಯನು ತಪ್ಪಿದಾಗ ತಿದ್ದುವ ಕೈಯೂ ಅಲ್ಲಿಲ್ಲ, ಏಕೆಂದರೆ ಪ್ರದರ್ಶನಕ್ಕೆ ಬಂದವರು ಚೆನ್ನಾಗಿ ಪಳಗಿದವರು. ಕಲಿಕೆಯ ಫಲವು ಚಿತ್ರದಲ್ಲಿದೆ, ಕಲಿಕೆ ಇಲ್ಲ.

ಗರಡಿಗಳ ವಿಷಯದಲ್ಲಿ ಈ ಅಭಾವ ಇನ್ನೂ ಹೆಚ್ಚು. ವಿಜಯದಶಮಿಯ ದಿನ ಮೈಸೂರಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಈಗ ಪ್ರತಿವರ್ಷವೂ ಕ್ಯಾಮೆರಾಗಳು ಮುತ್ತುತ್ತವೆ. ತಲೆಯನ್ನು ಬೋಳಿಸಿಕೊಂಡು, ಮುಷ್ಟಿಗೆ ವಜ್ರನಖವನ್ನು ತೊಟ್ಟು ಬಂದ ಜೆಟ್ಟಿಗಳಲ್ಲಿ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುವುದರಿಂದ, ಚಿತ್ರಕ್ಕೆ ದೊರೆಯುವುದು ಅತ್ಯಲ್ಪ ಕಾಲದ ದೃಶ್ಯ. ಆ ಅಲ್ಪಕಾಲಕ್ಕಾಗಿ ಜೆಟ್ಟಿಯ ಮನೆತನವು ಹೇಗೆ ಮಗನನ್ನು ಸಿದ್ಧಗೊಳಿಸುತ್ತದೆ, ಪೆಟ್ಟನ್ನು ತಪ್ಪಿಸುವ ಕಣ್ಣನ್ನು ಹೇಗೆ ಪಳಗಿಸುತ್ತದೆ ಎಂಬುದರ ಕಡೆಗೆ ಯಂತ್ರ ತಿರುಗುವುದು ವಿರಳ. ಹಾಗೆಯೇ ದಸರೆಯ ಕುಸ್ತಿಯಲ್ಲಿ ಜೋಡಿ ಕಟ್ಟುವುದನ್ನೂ ಗೆದ್ದವನ ಕೈಯೆತ್ತುವುದನ್ನೂ ತೋರಿಸುವವರು ಬೆಳಗಿನ ಜಾವದ ಗರಡಿಯನ್ನು ಹೊಕ್ಕು ನೋಡಬೇಕು.

ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆಗಳನ್ನು ಬೆರೆಸಿ ಮಟ್ಟಿಯನ್ನು ಹದಗೊಳಿಸುವ ರೀತಿ. ಹೊಸ ಹುಡುಗನಿಗೆ ಪಟ್ಟನ್ನು ಕಲಿಸುವುದಕ್ಕೆ ಮುಂಚೆ ದಂಡ ಬಸ್ಕಿಗಳಲ್ಲಿ ಅವನ ಮೈಯನ್ನು ಕಟ್ಟುವ ಕ್ರಮ. ತಪ್ಪಾಗಿ ಇಟ್ಟ ಹೆಜ್ಜೆಯನ್ನು ಉಸ್ತಾದರು ತಮ್ಮ ಕಾಲಿನಿಂದಲೇ ಸರಿಪಡಿಸುವ ಬಗೆ. ಹಿಡಿತದೊಳಗೆ ಸಿಕ್ಕಿಕೊಂಡವನು ಬಿಡಿಸಿಕೊಳ್ಳಲು ಮೊದಲು ಎಲ್ಲಿ ಸಡಿಲಿಸಬೇಕೆಂದು ಅವರು ಹೇಳುವ ಮಾತು: ಇವುಗಳನ್ನು ಧ್ವನಿಸಹಿತವಾಗಿ, ಕತ್ತರಿಸದೆ, ವಯಸ್ಸಾದ ಉಸ್ತಾದರು ಇನ್ನೂ ಮಟ್ಟಿಗಿಳಿಯಬಲ್ಲವರಾಗಿರುವಾಗಲೇ ಚಿತ್ರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಉಪಕರಣ ಇಂದು ಪ್ರತಿಯೊಬ್ಬ ಶಿಷ್ಯನ ಜೇಬಿನಲ್ಲಿಯೂ ಇದೆ.