ಕೃಷಿ ಮಹಾವಿದ್ಯಾಲಯ, ಬೆಂಗಳೂರು

ಬೆಂಗಳೂರಿನ ಕೃಷಿ ಮಹಾವಿದ್ಯಾಲಯವು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಶಿಕ್ಷಣ ಸಂಸ್ಥೆ. ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವುದಕ್ಕೆ 18 ವರ್ಷ ಮೊದಲೇ, 1946ರಲ್ಲಿ, ಇದು ಹೆಬ್ಬಾಳದಲ್ಲಿ ಆರಂಭವಾಯಿತು. ಇಲ್ಲಿ ಪಾಠಕ್ಕಿಂತ ಪ್ರಯೋಗವೇ ಮೊದಲು ಬಂದಿತೆಂಬುದು ಗಮನಾರ್ಹ.

ಹಿನ್ನೆಲೆ

1899ರಲ್ಲಿ ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದ 30 ಎಕರೆ ಜಮೀನಿನಲ್ಲಿ ಕೃಷಿ ಪ್ರಯೋಗ ಕೇಂದ್ರವೊಂದನ್ನು ಸ್ಥಾಪಿಸಿದರು. ಅದರ ಮುಖ್ಯಸ್ಥರಾದ ಡಾ. ಲೆಹ್‌ಮನ್ ಅವರು ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಅಭ್ಯಸಿಸಿದರು. ಅನಂತರ ಬಂದವರು ಕೆನಡಾ ದೇಶದ ಲೆಸ್ಲಿ ಕೋಲ್ಮನ್. ಕೀಟಶಾಸ್ತ್ರ ಮತ್ತು ಶಿಲೀಂಧ್ರಶಾಸ್ತ್ರಗಳಲ್ಲಿ ಪರಿಣತರಾಗಿದ್ದ ಇವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಅಡಿಕೆಗೆ ಕೊಳೆರೋಗ ತಗುಲಿ ಕಾಯಿಗಳು ಉದುರಿಹೋಗುತ್ತಿದ್ದವು. ಬೆಳೆಗಾರರು ಮರವೇರಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳಬೇಕಾಗಿತ್ತು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕೋಲ್ಮನ್ ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಅಡಿಕೆ ತೋಟಗಳಲ್ಲಿ ಈ ದ್ರಾವಣ ಇಂದಿಗೂ ಬಳಕೆಯಲ್ಲಿದೆ.

1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು. ಪದವಿ ಶಿಕ್ಷಣಕ್ಕೆ ಮಾತ್ರ 1946ರವರೆಗೆ ಕಾಯಬೇಕಾಯಿತು.

ವಿಶ್ವವಿದ್ಯಾನಿಲಯದ ಅಂಗವಾಗಿ

ಸಂಶೋಧನೆ ಇಲಾಖೆಯಲ್ಲಿ, ಬೋಧನೆ ಕಾಲೇಜಿನಲ್ಲಿ ಎಂಬಂತೆ ಬೇರೆಬೇರೆಯಾಗಿದ್ದುದನ್ನು ಒಂದುಗೂಡಿಸುವುದು ಕೃಷಿ ವಿಶ್ವವಿದ್ಯಾನಿಲಯದ ಉದ್ದೇಶವಾಗಿತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಆಡಳಿತದಲ್ಲಿರಬೇಕೆಂಬ ಅಮೆರಿಕದ ಲ್ಯಾಂಡ್ ಗ್ರಾಂಟ್ ಪದ್ಧತಿಯೇ ಇದಕ್ಕೆ ಮಾದರಿ. ಟೆನ್ನೆಸ್ಸೀ ವಿಶ್ವವಿದ್ಯಾನಿಲಯ ಸಹಕಾರ ನೀಡಿತು. 1964ರ ಆಗಸ್ಟ್ 21ರಂದು ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ವಿಶ್ವವಿದ್ಯಾನಿಲಯವನ್ನು ಉದ್ಘಾಟಿಸಿದರು. ಡಾ. ಕೆ.ಸಿ. ನಾಯಕ್ ಮೊದಲ ಕುಲಪತಿಗಳು. ಹೆಬ್ಬಾಳ ಮತ್ತು ಧಾರವಾಡದ ಕೃಷಿ ಕಾಲೇಜುಗಳೆರಡೂ ಇದರ ವ್ಯಾಪ್ತಿಗೆ ಬಂದವು. 1986ರಲ್ಲಿ ಧಾರವಾಡದಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವಾಯಿತು.

ಹೆಬ್ಬಾಳದ ಜಾಗ ಸಾಲದಾದಾಗ ಸಮೀಪದಲ್ಲೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲ ಆವರಣ ಸಿದ್ಧವಾಯಿತು. 1969ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಜನರ ಬಾಯಲ್ಲಿ ಅದು 'ಜಿಕೆವಿಕೆ'. ಕಾಲೇಜು ಈಗ ಅಲ್ಲಿಯೇ ಇದೆ.

ರಾಗಿ ಸಂಶೋಧನೆ

ವಿಶ್ವವಿದ್ಯಾನಿಲಯದ ಕೆಲಸಗಳಲ್ಲಿ ಒಣಭೂಮಿಯ ರೈತನ ಮನೆಗೆ ನೇರವಾಗಿ ತಲುಪಿದ್ದು ರಾಗಿಯ ಸುಧಾರಣೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ನಾಡಿನ ರಾಗಿಯನ್ನು ಆಫ್ರಿಕದ ತಳಿಗಳೊಡನೆ ಸಂಕರಗೊಳಿಸಿದರು. ರಾಗಿಯ ಹೂ ಬಹಳ ಚಿಕ್ಕದು. ತನ್ನ ಪರಾಗದಿಂದ ತಾನೇ ಕಾಳುಕಟ್ಟುವುದರಿಂದ ಸಂಕರ ಕಾರ್ಯ ಅತಿ ತಾಳ್ಮೆ ಬೇಡುತ್ತದೆ. ಹೀಗೆ ಹುಟ್ಟಿದ ಅಧಿಕ ಇಳುವರಿಯ ತಳಿಗಳಿಗೆ ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳನ್ನು ಕೂಡಿಸಿ 'ಇಂಡಾಫ್' ಎಂದು ನಾಮಕರಣ ಮಾಡಲಾಯಿತು. ಲಕ್ಷ್ಮಣಯ್ಯನವರನ್ನು ಜನರು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು.