ವಿದ್ಯಾರ್ಥಿಯ ಊಳಿಗ

ಬಡವರ ಮನೆಯ ಹುಡುಗನೊಬ್ಬನು ವಿದ್ಯೆಯನ್ನರಸಿ ಊರುಬಿಟ್ಟು ಹೊರಟಾಗ ಅವನ ಹೊಟ್ಟೆಯ ಭಾರವನ್ನು ಹೊರತಕ್ಕವರು ಯಾರೆಂಬ ಪ್ರಶ್ನೆಗೆ ನಮ್ಮ ನಾಡು ಬಹುಕಾಲ ಕೊಡುತ್ತಿದ್ದ ಉತ್ತರವು ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಶಿರಸ್ತೇದಾರರ ಮನೆ, ಬುಧವಾರ ದೂರದ ನಂಟರ ಮನೆ, ಹೀಗೆ ವಾರದ ಏಳು ದಿನಗಳನ್ನು ಏಳು ಗೃಹಿಣಿಯರ ಔದಾರ್ಯಕ್ಕೆ ಹಂಚಿಕೊಟ್ಟು, ಒಂದು ಮನೆ ತಪ್ಪಿದ ದಿನ ನೀರು ಕುಡಿದು ಮಲಗಿ, ಪರೀಕ್ಷೆಗಳನ್ನು ದಾಟಿದವರು ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಅಸಂಖ್ಯರು. ಈ ಏರ್ಪಾಡು ಬಹುಮಟ್ಟಿಗೆ ಬ್ರಾಹ್ಮಣರ ಹುಡುಗರಿಗೆ ಮಾತ್ರ ತೆರೆದ ಬಾಗಿಲಾಗಿದ್ದು, ಉಳಿದವರು ಮಠಗಳ ಆಶ್ರಯವನ್ನೋ ತಂತಮ್ಮ ಸಮಾಜದವರು ಕಟ್ಟಿಸಿದ ವಿದ್ಯಾರ್ಥಿನಿಲಯಗಳನ್ನೋ ಕಾಯಬೇಕಾಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಪರರ ಮನೆಯ ಎಲೆಯನ್ನು ಒಲ್ಲದವರಿಗೆ ಮನೆಪಾಠವೊಂದಿದ್ದಿತು. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಪದವಿಯನ್ನು ಪಡೆದುದು ಮನೆಪಾಠ ಹೇಳಿ ಗಳಿಸಿಕೊಂಡ ಆಸರೆಯಿಂದ. ಆದರೆ ಕಾಲೇಜಿನ ಗಂಟೆ ಬಾರಿಸುವುದು, ಕೊಠಡಿಯ ಕಸ ಗುಡಿಸುವುದು, ಪ್ರಯೋಗಶಾಲೆಯ ಗಾಜಿನ ಪಾತ್ರೆಗಳನ್ನು ತೊಳೆಯುವುದು, ಇವೆಲ್ಲ ಜವಾನನ ಪಾಲು. ಅದೇ ಕಾಲೇಜಿನಲ್ಲಿ ಓದುವ ಹುಡುಗನು ಅದೇ ಪೊರಕೆಯನ್ನು ಹಿಡಿದು ತನ್ನ ಫೀಜನ್ನು ಸಂಪಾದಿಸಬಹುದೆಂಬುದು ನಮ್ಮ ಪಟ್ಟಣದ ಕಾಲೇಜುಗಳಿಗೆ ಹೊಳೆದ ವಿಚಾರವಲ್ಲ. ಆ ವಿಚಾರ ಬೆಳೆದು ಬಂದುದು ಬೇರೆ ದೇಶಗಳಲ್ಲಿ, ಮತ್ತು ಅಲ್ಲಿಯೂ ಅದರ ಆರಂಭ ಮಾನದ ಆರಂಭವಾಗಿರಲಿಲ್ಲ.

1661ರ ಜೂನ್ ತಿಂಗಳಿನಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹದಿನೆಂಟು ವರ್ಷದ ಹಳ್ಳಿಯ ತರುಣನೊಬ್ಬನು ಸಬ್‌ಸೈಜರ್ ಎಂಬ ಅಂತಸ್ತಿನಲ್ಲಿ ಪ್ರವೇಶಿಸಿದನು; ಅವನ ಹೆಸರು ಐಸಾಕ್ ನ್ಯೂಟನ್. ಆ ಕಾಲದ ಕಾಲೇಜು ಹೊರಗಿನ ಸಮಾಜದ ಮೇಲುಕೀಳುಗಳನ್ನು ತನ್ನ ಪ್ರಾಕಾರದೊಳಗೆ ಚಾಚೂತಪ್ಪದೆ ಪುನರ್ನಿರ್ಮಿಸಿಕೊಂಡಿದ್ದಿತು. ಎಲ್ಲರಿಗಿಂತ ಮೇಲೆ ಸಿರಿವಂತರ ಮಕ್ಕಳು. ಅವರು ಹೆಚ್ಚಿನ ಶುಲ್ಕವನ್ನು ತೆತ್ತು, ಬೆಡಗಿನ ನಿಲುವಂಗಿಯನ್ನು ತೊಟ್ಟು, ಅಧ್ಯಾಪಕರ ಪಂಕ್ತಿಯಲ್ಲಿಯೇ ಕುಳಿತು ಉಣ್ಣುವರು. ಅವರ ಕೆಳಗೆ ತಮ್ಮ ವೆಚ್ಚವನ್ನು ತಾವೇ ಭರಿಸುವ ಸಾಧಾರಣ ವಿದ್ಯಾರ್ಥಿಗಳು. ಎಲ್ಲರ ಕೆಳಗೆ ಸೈಜರುಗಳು, ಸಬ್‌ಸೈಜರುಗಳು: ಬೆಳಗ್ಗೆ ಮೇಲಿನವರನ್ನು ಎಬ್ಬಿಸುವುದು, ಬೆಂಕಿ ಹೊತ್ತಿಸುವುದು, ಬೂಟುಗಳನ್ನು ಒರಸುವುದು, ಶೌಚಪಾತ್ರೆಯನ್ನು ಬರಿದು ಮಾಡುವುದು, ಉಗ್ರಾಣದಿಂದ ರೊಟ್ಟಿಯನ್ನೂ ಬಿಯರನ್ನೂ ತಂದೊಪ್ಪಿಸುವುದು, ಊಟದ ಹೊತ್ತಿನಲ್ಲಿ ನಿಂತು ಬಡಿಸುವುದು, ಅವರೆಲ್ಲ ಎದ್ದಮೇಲೆ ಉಳಿದುದನ್ನು ತಾವು ಉಣ್ಣುವುದು. ನ್ಯೂಟನ್ನನ ತಾಯಿ ಬಡವಳೇನೂ ಅಲ್ಲ. ಭೂಮಿಕಾಣಿ, ಕುರಿಮಂದೆ ಉಳ್ಳ ವಿಧವೆ. ಮಗನು ಶಾಲೆ ಬಿಟ್ಟು ಹೊಲ ನೋಡಿಕೊಳ್ಳಲೆಂದು ಒಮ್ಮೆ ಹಿಂದಕ್ಕೆ ಕರೆಯಿಸಿಕೊಂಡವಳು, ಕಡೆಗೆ ಒಪ್ಪಿ ಕಳುಹಿಸಿದಾಗಲೂ ಕೈ ಬಿಗಿಹಿಡಿದೇ ಕಳುಹಿಸಿದಳು. ಊಳಿಗಕ್ಕೆ ನಿಂತ ಆ ಹುಡುಗನ ಲೆಕ್ಕದ ಪುಸ್ತಕದಲ್ಲಿ ಮತ್ತೊಂದು ವಿಚಿತ್ರವೂ ಕಾಣುತ್ತದೆ: ಅವನು ತನ್ನ ಸಹಪಾಠಿಗಳಿಗೆ ಸಣ್ಣ ಸಣ್ಣ ಸಾಲಗಳನ್ನು ಕೊಟ್ಟು, ಬಂದದ್ದು ಬಾರದ್ದನ್ನು ಬರೆದಿಟ್ಟಿರುವನು. ಬಡಿಸುವ ಕೈಯೇ ಸಾಲ ಕೊಡುವ ಕೈಯೂ ಆಗಿದ್ದುದನ್ನು ಕಂಡರೆ ಅಂತಸ್ತೂ ಹಣವೂ ಅಲ್ಲಿ ಒಂದೇ ಆಗಿರಲಿಲ್ಲವೆಂಬುದು ತಿಳಿಯುತ್ತದೆ. 1664ರಲ್ಲಿ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದಮೇಲೆಯೇ ಅವನಿಗೆ ಈ ಸೇವೆಯಿಂದ ಬಿಡುಗಡೆ.

ಆಕ್ಸ್‌ಫರ್ಡಿನಲ್ಲಿ ಇದೇ ವರ್ಗದವರನ್ನು ಸರ್ವಿಟರ್ ಎಂದು ಕರೆಯುತ್ತಿದ್ದರು. 1732ರಲ್ಲಿ ಪೆಂಬ್ರೋಕ್ ಕಾಲೇಜಿಗೆ ಸರ್ವಿಟರನಾಗಿ ಬಂದ ಜಾರ್ಜ್ ವಿಟ್‌ಫೀಲ್ಡನು, ಮುಂದೆ ಎರಡು ಖಂಡಗಳಲ್ಲಿ ಸಹಸ್ರಾರು ಜನರನ್ನು ಸೆಳೆದ ಧರ್ಮಪ್ರಚಾರಕ, ಗ್ಲಾಸ್ಟರಿನಲ್ಲಿ ತನ್ನ ತಾಯಿ ನಡೆಸುತ್ತಿದ್ದ ಬೆಲ್ ಎಂಬ ವಸತಿಗೃಹದಲ್ಲಿ ಮದ್ಯ ತಂದುಕೊಡುವ ಹುಡುಗನಾಗಿದ್ದವನು. ಆ ಪೂರ್ವಾನುಭವದಿಂದ ಕಾಲೇಜಿನ ಊಳಿಗವು ತನಗೆ ಸುಲಭವಾಯಿತೆಂದೂ, ಸಿರಿವಂತ ವಿದ್ಯಾರ್ಥಿಗಳು ತನ್ನನ್ನೇ ಬಯಸಿ ಕರೆಯುತ್ತಿದ್ದರೆಂದೂ ಅವನೇ ಬರೆದುಕೊಂಡಿರುವನು. ಅವನಿಗಿಂತ ನಾಲ್ಕು ವರ್ಷ ಮೊದಲು ಅದೇ ಕಾಲೇಜಿನಲ್ಲಿದ್ದ ಸ್ಯಾಮ್ಯುಯಲ್ ಜಾನ್‌ಸನ್ನನು ಕಡುಬಡವನಾದರೂ ಸರ್ವಿಟರನಾಗಿರಲಿಲ್ಲ. ವಿದ್ಯಾರ್ಥಿಗಳು ಕೊಠಡಿಗಳಲ್ಲಿ ಇರುವರೋ ಇಲ್ಲವೋ ಎಂದು ಬಾಗಿಲು ತಟ್ಟಿ ನೋಡಿ, ಉತ್ತರ ಬಾರದಿದ್ದರೆ ಗೈರುಹಾಜರಿಯನ್ನು ಮೇಲಿನವರಿಗೆ ವರದಿ ಮಾಡುವ ಕೆಲಸವನ್ನು ಕಾಲೇಜು ಒಬ್ಬ ಸರ್ವಿಟರನಿಗೆ ಒಪ್ಪಿಸಿದ್ದಿತು. ಜಾನ್‌ಸನ್ನನಾದರೋ ಒಳಗೇ ಇದ್ದು, ಓದುತ್ತಲೇ ಇದ್ದು, ಹಟದಿಂದ ಉತ್ತರ ಕೊಡದೆ ದಂಡಕ್ಕೆ ಒಳಗಾಗುತ್ತಿದ್ದನಂತೆ. ಈ ಕಥೆಯನ್ನು ಜಾನ್‌ಸನ್ನನ ಸ್ವಾಭಿಮಾನಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಹೊರಗೆ ಚಳಿಯಲ್ಲಿ ನಿಂತು ಬಾಗಿಲು ತಟ್ಟಿದ ಹುಡುಗನ ಕಡೆಯಿಂದ ಅದನ್ನು ಯಾರೂ ಬರೆದಿಡಲಿಲ್ಲ. ತಟ್ಟದಿದ್ದರೆ ಅವನ ಅನ್ನಕ್ಕೇ ಸಂಚಕಾರ.

ಆ ಕಡೆಯಿಂದ ಮಾತನಾಡಿದವನು ಐರ್ಲೆಂಡಿನ ಆಲಿವರ್ ಗೋಲ್ಡ್‌ಸ್ಮಿತ್. 1740ರ ದಶಕದ ನಡುವಿನಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಸೈಜರನಾಗಿ ಸೇರಿದ ಅವನಿಗೆ ತೋಳಿಲ್ಲದ ಒರಟು ಕರಿಯ ನಿಲುವಂಗಿ, ಕೆಂಪು ಟೊಪ್ಪಿಗೆ. ದೂರದಿಂದಲೇ ಗುರುತು ಸಿಕ್ಕಬೇಕೆಂಬುದೇ ಆ ವೇಷದ ಉದ್ದೇಶ. ಬೆಳಗ್ಗೆ ಅಂಗಳವನ್ನು ಗುಡಿಸಿ, ಮಧ್ಯಾಹ್ನ ಅಡುಗೆಮನೆಯಿಂದ ಅಧ್ಯಾಪಕರ ಮೇಜಿಗೆ ತಟ್ಟೆಗಳನ್ನು ಹೊತ್ತು, ಅವರು ಉಂಡೇಳುವವರೆಗೆ ಕಾದು ನಿಲ್ಲಬೇಕಾಗಿದ್ದಿತು. 1759ರಲ್ಲಿ ಪ್ರಕಟವಾದ, ಯೂರೋಪಿನ ವಿದ್ಯೆಯ ಸ್ಥಿತಿಗತಿಯನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಈ ಪದ್ಧತಿಯನ್ನು ಕಟುವಾಗಿ ಖಂಡಿಸಿದನು. ಒಬ್ಬನಿಗೆ ಸ್ವತಂತ್ರರಿಗೆ ಯೋಗ್ಯವಾದ ವಿದ್ಯೆಯನ್ನು ಬೋಧಿಸುತ್ತ ಅದೇ ಹೊತ್ತಿನಲ್ಲಿ ಅವನನ್ನು ದಾಸನಂತೆ ನಡೆಸಿಕೊಳ್ಳುವುದರಲ್ಲಿರುವ ವಿರೋಧವೇ ಅವನ ಆಕ್ಷೇಪದ ತಿರುಳು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊಳಿಗಗಳು ಸಂಬಳದ ಆಳುಗಳಿಗೆ ಹೋದವು. ಸೈಜರ್ ಎಂಬುದು ಬರಿಯ ವಿದ್ಯಾರ್ಥಿವೇತನದ ಹೆಸರಾಗಿ ಉಳಿಯಿತು. ಬ್ರಿಟನ್ನು ಹೀಗೆ ಅವಮಾನದೊಡನೆ ಕೆಲಸವನ್ನೂ ಕೈಬಿಟ್ಟಿತು.

ಅಮೆರಿಕವು ಕೆಲಸವನ್ನು ಬಿಡಲಿಲ್ಲ. ಹಾರ್ವರ್ಡಿನಲ್ಲಿ ಬಡ ವಿದ್ಯಾರ್ಥಿಗಳು ಗಂಟೆ ಬಾರಿಸಿ, ಭೋಜನಶಾಲೆಯಲ್ಲಿ ಬಡಿಸಿ ಶುಲ್ಕ ತೀರಿಸುವುದು ಹದಿನೇಳನೆಯ ಶತಮಾನದಷ್ಟು ಹಿಂದಿನದು. ಆದರೆ ಹೊಸ ತಿರುವು ಬಂದುದು 1830ರ ದಶಕದಲ್ಲಿ, ದೈಹಿಕ ಶ್ರಮವು ದೇಹಕ್ಕೂ ಆತ್ಮಕ್ಕೂ ಪಥ್ಯವೆಂದು ನಂಬಿದ ಧರ್ಮಶ್ರದ್ಧೆಯ ಶಿಕ್ಷಕರಿಂದ. 1833ರಲ್ಲಿ ಹುಟ್ಟಿದ ಓಬರ್ಲಿನ್ ಕಾಲೇಜಿನಲ್ಲಿ ಓದಿನ ಜೊತೆಗೆ ದಿನಕ್ಕೆ ನಾಲ್ಕು ಗಂಟೆಯ ದುಡಿಮೆಯೂ ನಿಯಮವಾಗಿದ್ದಿತು. ಇಂಥ ಶಾಲೆಗಳ ಹೊಲಗಳು ಲಾಭ ತಾರದೆ ಹೋದುದರಿಂದ ಆ ಉತ್ಸಾಹ ಬೇಗನೆ ಇಳಿಯಿತು. ಲ್ಯಾಟಿನ್ ವ್ಯಾಕರಣದಲ್ಲಿ ಮನಸ್ಸಿಟ್ಟವನ ನೇಗಿಲ ಸಾಲು ನೆಟ್ಟಗಿರುವುದು ಅಪರೂಪ. ಮೇರಿ ಲಯನ್ 1837ರಲ್ಲಿ ತೆರೆದ ಮೌಂಟ್ ಹೋಲಿಯೋಕ್ ಎಂಬ ಸ್ತ್ರೀ ವಿದ್ಯಾಲಯದಲ್ಲಿ ಮಾತ್ರ ಈ ಪ್ರಯೋಗ ನೆಲೆಯೂರಿತು. ಅಲ್ಲಿ ಅಡುಗೆ, ಬಟ್ಟೆ ಒಗೆತ, ಪಾತ್ರೆ, ಕಸ, ಎಲ್ಲವೂ ವಿದ್ಯಾರ್ಥಿನಿಯರದೇ. ಮನೆಗೆಲಸ ಕಲಿಸುವುದು ತನ್ನ ಉದ್ದೇಶವಲ್ಲ, ಅದು ತಾಯಂದಿರ ಕಾರ್ಯ ಎಂದು ಆಕೆ ಸ್ಪಷ್ಟವಾಗಿ ಹೇಳಿದ್ದಳು. ಆಳುಗಳ ವೆಚ್ಚ ತಪ್ಪಿಸಿ, ವರ್ಷಕ್ಕೆ 60 ಡಾಲರಿನಲ್ಲಿ ಊಟ, ವಸತಿ, ಪಾಠಗಳನ್ನು ಒದಗಿಸುವುದು ಆಕೆಯ ಉಪಾಯ. 1847ರಲ್ಲಿ ಅಲ್ಲಿಗೆ ಬಂದ ಎಮಿಲಿ ಡಿಕಿನ್‌ಸನ್ ಎಂಬ ಹುಡುಗಿಗೆ ಬಿದ್ದ ಪಾಲು ಚಾಕುಗಳು: ಬೆಳಗ್ಗೆ, ಮಧ್ಯಾಹ್ನ ಮೇಜುಗಳಿಂದ ಅವನ್ನು ಎತ್ತುವುದು, ರಾತ್ರಿ ಅಷ್ಟನ್ನೇ ತೊಳೆದು ಒರಸುವುದು. ಗೆಳತಿಗೆ ಬರೆದ ಪತ್ರದಲ್ಲಿ ಆಕೆ ಇದನ್ನು ಕಷ್ಟವಲ್ಲದ ಕೆಲಸವೆಂದು ಹೇಳಿರುವಳು. ಆಕೆಯ ತಂದೆ ಆಮ್‌ಹರ್ಸ್ಟಿನ ಪ್ರತಿಷ್ಠಿತ ವಕೀಲ. ಗೋಲ್ಡ್‌ಸ್ಮಿತ್ತನು ಹೊತ್ತ ತಟ್ಟೆಗೂ ಈಕೆ ತೊಳೆದ ಚಾಕುವಿಗೂ ತೂಕದಲ್ಲಿ ಭೇದವಿಲ್ಲ. ವಕೀಲರ ಮಗಳೂ ರೈತನ ಮಗಳೂ ಒಂದೇ ತೊಟ್ಟಿಯ ಮುಂದೆ ನಿಂತಾಗ ಅಲ್ಲಿ ನಾಚುವುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಇದೇ ತತ್ತ್ವವು ಅತ್ಯಂತ ಕಠಿಣವಾದ ಪರೀಕ್ಷೆಗೆ ಗುರಿಯಾದುದು ದಾಸ್ಯದಿಂದ ಆಗತಾನೇ ಬಿಡುಗಡೆ ಹೊಂದಿದ ಕರಿಯ ಜನರ ನಡುವೆ. ಅವರಲ್ಲೊಬ್ಬನಾದ ಬೂಕರ್ ಟಿ. ವಾಷಿಂಗ್ಟನ್ 1872ರಲ್ಲಿ ವರ್ಜೀನಿಯದ ಹ್ಯಾಂಪ್ಟನ್ ವಿದ್ಯಾಲಯವನ್ನು ತಲುಪಿದಾಗ ಅವನ ಜೇಬಿನಲ್ಲಿದ್ದುದು ಐವತ್ತು ಸೆಂಟು. ಮುಖ್ಯ ಉಪಾಧ್ಯಾಯಿನಿಯು ಅವನಿಗೆ ಪ್ರವೇಶಪರೀಕ್ಷೆಯಾಗಿ ಒಂದು ಕೊಠಡಿಯನ್ನು ಗುಡಿಸಲು ಹೇಳಿದಳು. ಅವನು ಮೂರು ಸಲ ಗುಡಿಸಿ ನಾಲ್ಕು ಸಲ ಧೂಳು ಒರಸಿದನು. ಆಕೆ ಕೈವಸ್ತ್ರದಿಂದ ಗೋಡೆಯನ್ನೂ ಬೆಂಚುಗಳನ್ನೂ ಉಜ್ಜಿ ನೋಡಿ, ಧೂಳಿನ ಕಣವೂ ಕಾಣದಿರಲು ಒಳಗೆ ಸೇರಿಸಿಕೊಂಡು, ಜಾಡಮಾಲಿಯ ಕೆಲಸವನ್ನೂ ಕೊಟ್ಟಳು. 1881ರಲ್ಲಿ ಅಲಬಾಮದ ಟಸ್ಕೀಗಿಯಲ್ಲಿ ತಾನೇ ವಿದ್ಯಾಲಯವನ್ನು ಆರಂಭಿಸಿದಾಗ ಅವನು ವಿದ್ಯಾರ್ಥಿಗಳಿಂದಲೇ ಇಟ್ಟಿಗೆ ಸುಡಿಸಿ ಕಟ್ಟಡ ಕಟ್ಟಿಸಲು ಹೊರಟನು. ಮೊಣಕಾಲುದ್ದದ ಕೆಸರಿನಲ್ಲಿ ನಿಲ್ಲಲು ಹುಡುಗರು ಬೇಸತ್ತರು. ಒಂದಾದಮೇಲೊಂದು ಮೂರು ಭಟ್ಟಿಗಳು ಕೆಟ್ಟವು. ನಾಲ್ಕನೆಯದಕ್ಕೆ ಹಣವಿಲ್ಲದೆ ವಾಷಿಂಗ್ಟನ್ ತನ್ನ ಗಡಿಯಾರವನ್ನು 15 ಡಾಲರಿಗೆ ಒತ್ತೆಯಿಟ್ಟನು, ಅದನ್ನು ಬಿಡಿಸಿಕೊಳ್ಳುವುದು ಕೊನೆಗೂ ಆಗಲಿಲ್ಲ. ಮಕ್ಕಳನ್ನು ಓದಲು ಕಳುಹಿಸಿದ್ದೇವೆ, ಕೂಲಿ ಮಾಡಲಲ್ಲ ಎಂದು ತಾಯಿತಂದೆಗಳು ಪ್ರತಿಭಟಿಸಿದುದೂ ಉಂಟು. ತಲೆಮಾರುಗಟ್ಟಲೆ ಬಲವಂತದ ದುಡಿಮೆಯನ್ನೇ ಕಂಡವರ ಆ ಪ್ರತಿಭಟನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಒಪ್ಪುವುದಿಲ್ಲ. ಕೈಕೆಲಸದ ಶಿಕ್ಷಣಕ್ಕೇ ಒತ್ತುಕೊಟ್ಟರೆ ಕರಿಯರ ಉನ್ನತ ವಿದ್ಯೆಯ ಹಕ್ಕು ಕುಗ್ಗುವುದೆಂದು ಕರಿಯರ ಚಿಂತಕ ಡುಬಾಯ್ಸ್ ಎತ್ತಿದ ಆಕ್ಷೇಪವೂ ಅದೇ ಬೇರಿನದು. ಕರಿಯರ ಮಕ್ಕಳು ಮಾತ್ರ ಇಟ್ಟಿಗೆ ಸುಟ್ಟು, ಬಿಳಿಯರ ಮಕ್ಕಳು ಗ್ರೀಕ್ ಓದುತ್ತಿದ್ದ ದೇಶದಲ್ಲಿ ಶ್ರಮದ ಗೌರವವೆಂಬ ಮಾತಿಗೆ ಅರ್ಧ ಬಲವೇ ಇದ್ದಿತು.

ಎಲ್ಲರೂ ದುಡಿಯಬೇಕೆಂಬ ನಿಯಮವನ್ನು ಇಂದಿನವರೆಗೆ ಉಳಿಸಿಕೊಂಡಿರುವ ಕಾಲೇಜುಗಳಲ್ಲಿ ಕೆಂಟಕಿಯ ಬೆರಿಯ ಕಾಲೇಜೂ ಒಂದು. ದಾಸ್ಯವಿರೋಧಿಯಾದ ಜಾನ್ ಫೀ 1855ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಅಂತರ್ಯುದ್ಧದ ತರುವಾಯ ಕರಿಯರೂ ಬಿಳಿಯರೂ ಒಟ್ಟಿಗೆ ಓದಿದರು. 1904ರಲ್ಲಿ ಆ ರಾಜ್ಯವು ಶಾಸನ ಮಾಡಿ ಅವರನ್ನು ಅಗಲಿಸಿತು, ಆ ಶಾಸನ ಸಡಿಲವಾದುದು 1950ರಲ್ಲಿ. 1892ರಿಂದ ಅಲ್ಲಿ ಬೋಧನಾಶುಲ್ಕವಿಲ್ಲ. ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕಡಮೆಪಕ್ಷ ಹತ್ತು ಗಂಟೆ ಕಾಲೇಜಿನಲ್ಲಿ ದುಡಿಯಬೇಕು. ಪೊರಕೆ ಕಟ್ಟುವ ಕಾರ್ಯಾಗಾರ, ನೆಯ್ಗೆ, ಮರಗೆಲಸ, 1909ರಲ್ಲಿ ತೆರೆದ ಬೂನ್ ಟ್ಯಾವರ್ನ್ ಎಂಬ ಹೋಟೆಲು, ಹೊಲ, ಕಛೇರಿ, ಎಲ್ಲೆಡೆಯೂ ಅವರೇ. ಪರೀಕ್ಷೆಯ ಅಂಕಗಳಂತೆ ದುಡಿಮೆಗೂ ದಾಖಲೆಯುಂಟು.

ನಮ್ಮ ಗಡಿಗೆ ಹತ್ತಿರದಲ್ಲಿಯೇ ಇದನ್ನು ಹೋಲುವ ಸಾಹಸವೊಂದು ನಡೆದುದನ್ನು ಬಿಡಬಾರದು. ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿ, 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಿದ್ಯಾರ್ಥಿನಿಲಯವನ್ನು ತೆರೆದರು. 1927ರಲ್ಲಿ ಗಾಂಧೀಜಿಯವರು ಅದಕ್ಕೆ ಛತ್ರಪತಿ ಶಾಹು ಮಹಾರಾಜರ ಹೆಸರಿಟ್ಟರು. 1947ರಲ್ಲಿ ಸಾತಾರದಲ್ಲಿ ಆರಂಭವಾದ ಅವರ ಶಿವಾಜಿ ಕಾಲೇಜಿನಲ್ಲಿ ಗಳಿಸುತ್ತ ಕಲಿಯುವುದು ಪದ್ಧತಿಯೇ ಆಯಿತು. ವಾರಾನ್ನದ ಹುಡುಗನನ್ನು ಏಳು ಮನೆಗಳು ಸಾಕಿದವು. ಈ ಹುಡುಗರು ಹೊಲದಲ್ಲಿ ಕೆಲಸಮಾಡಿ ತಮ್ಮನ್ನು ತಾವೇ ಸಾಕಿಕೊಂಡರು. ಇದನ್ನು ನಮ್ಮ ಕಾಲೇಜುಗಳು ದೂರದಿಂದ ಹೊಗಳಿದ್ದೇ ಹೆಚ್ಚು.

ಅಮೆರಿಕದಲ್ಲಿ ಈ ರೂಢಿಯು ಸರ್ಕಾರದ ಕೈಸೇರಿದುದು ಆರ್ಥಿಕ ಮಹಾಕುಸಿತದ ಕಾಲದಲ್ಲಿ. 1935ರಲ್ಲಿ ರೂಸ್‌ವೆಲ್ಟರು ಸ್ಥಾಪಿಸಿದ ರಾಷ್ಟ್ರೀಯ ಯುವಜನ ಆಡಳಿತವು, 1943ರಲ್ಲಿ ಮುಚ್ಚುವವರೆಗೆ, ಕಾಲೇಜುಗಳಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಸರ್ಕಾರದ ಹಣದಿಂದ ಕೂಲಿ ಕೊಟ್ಟಿತು. ಆ ಕೂಲಿಗಾಗಿ, ಮುಂದೆ ನಾಟಕಕಾರನಾದ ಆರ್ಥರ್ ಮಿಲ್ಲರ್ ಮಿಷಿಗನ್ನಿನಲ್ಲಿ ಪ್ರಯೋಗಶಾಲೆಯ ಇಲಿಗಳಿಗೆ ಮೇವು ಹಾಕಿದನು. ಮುಂದೆ ಅಧ್ಯಕ್ಷನಾದ ರಿಚರ್ಡ್ ನಿಕ್ಸನ್ ಡ್ಯೂಕ್ ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯದಲ್ಲಿ ಗಂಟೆಗೆ 35 ಸೆಂಟಿಗೆ ದುಡಿದನು. ಆ ಯುವಜನ ಆಡಳಿತದ ಟೆಕ್ಸಸ್ ಶಾಖೆಗೆ ಮುಖ್ಯಸ್ಥನಾಗಿದ್ದವನು ಲಿಂಡನ್ ಜಾನ್‌ಸನ್. 1927ರಲ್ಲಿ ಸಾನ್ ಮಾರ್ಕೋಸಿನ ಉಪಾಧ್ಯಾಯರ ಕಾಲೇಜಿಗೆ ಸೇರಿ, ಆವರಣದ ಕಸ ಆಯ್ದು, ನೆಲ ಒರಸಿ, ಕ್ರಮೇಣ ಕಾಲೇಜಿನ ಅಧ್ಯಕ್ಷರ ಕಛೇರಿಯ ಓಲೆಕಾರನಾಗಿ ಮೇಲೇರಿದ ಅವನು ಅದೇ ಅಧ್ಯಕ್ಷರ ಮೋಟಾರುಖಾನೆಯ ಮೇಲಿನ ಕೊಠಡಿಯಲ್ಲಿ ವಾಸವಾಗಿದ್ದನು. ರಾಷ್ಟ್ರಾಧ್ಯಕ್ಷನಾಗಿ 1964ರಲ್ಲಿ ಅವನು ಸಹಿಹಾಕಿದ ಆರ್ಥಿಕ ಅವಕಾಶಗಳ ಶಾಸನದಲ್ಲಿ ವಿದ್ಯಾರ್ಥಿಗಳ ಕೂಲಿಯ ಬಹುಪಾಲನ್ನು ಸರ್ಕಾರ ವಹಿಸುವ ಯೋಜನೆ ಸೇರಿತು; ಮರುವರ್ಷದ ನವೆಂಬರಿನಲ್ಲಿ ಉನ್ನತ ಶಿಕ್ಷಣ ಶಾಸನಕ್ಕೆ ಅವನು ಸಹಿ ಮಾಡಿದುದು ಸಾನ್ ಮಾರ್ಕೋಸಿನ ಅದೇ ಕಾಲೇಜಿಗೆ ಬಂದು. ರಾಜಕಾರಣಿಯ ನಾಟಕಪ್ರಜ್ಞೆ ಇದರಲ್ಲಿ ಇಲ್ಲವೆನ್ನಲಾಗದು, ಆದರೆ ಕಸ ಆಯ್ದುದಂತೂ ನಿಜ.

ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ಅಮೆರಿಕಕ್ಕೆ ಹೋಗುವ ನಮ್ಮ ಮಕ್ಕಳಿಗೆ ಆ ಸರ್ಕಾರಿ ಯೋಜನೆಯ ಹಣ ಸಲ್ಲುವುದಿಲ್ಲ. ಅದು ಆ ದೇಶದವರಿಗೂ ಅಲ್ಲಿ ಕಾಯಂ ನೆಲಸಲು ಅನುಮತಿ ಪಡೆದವರಿಗೂ ಮೀಸಲು. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮೀರದಂತೆ ಕಾಲೇಜಿನ ಆವರಣದೊಳಗೆ ದುಡಿಯಬಹುದು. ಕೆಲವರಿಗೆ ಸಹಾಯಕ ಬೋಧಕನ ಸ್ಥಾನ ಸಿಕ್ಕಿ ಶುಲ್ಕವೂ ಮನ್ನಾ ಆಗುತ್ತದೆ. ಕೆಲವರು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವರು. ಉಳಿದವರು ಭೋಜನಶಾಲೆಯಲ್ಲಿ ಎಂಜಲು ತಟ್ಟೆಗಳನ್ನು ಯಂತ್ರಕ್ಕೆ ಒಡ್ಡುವರು. ಅಲ್ಲಿಯವರು ಈ ಮೂವರಲ್ಲಿ ಮಾಡದ ತಾರತಮ್ಯವನ್ನು ನಮ್ಮವರು ತಮ್ಮತಮ್ಮೊಳಗೆ ತಪ್ಪದೆ ಮಾಡುವರು. ಮೊದಲನೆಯ ಕೆಲಸದ ಸುದ್ದಿ ಅಂದೇ ಊರಿಗೆ ಮುಟ್ಟಿ ನಂಟರಿಷ್ಟರಲ್ಲೆಲ್ಲ ಹಬ್ಬುತ್ತದೆ. ಮೂರನೆಯದು ಕೈಸೇರಿದ ಹುಡುಗನು ಮಾತ್ರ, “ಎಲ್ಲಿ ಕೆಲಸವಪ್ಪಾ?” ಎಂದು ತಾಯಿ ಕೇಳಿದರೆ, “ಯೂನಿವರ್ಸಿಟಿಯಲ್ಲೇ ಅಮ್ಮ” ಎಂದಷ್ಟು ಹೇಳಿ ಬೇರೆ ಮಾತು ತೆಗೆಯುವನು.